ಷಡಕ್ಷರಿಯ ಮನೆಗೆ ಕತ್ತರಿ ಮೇಳ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಷಡಕ್ಷರಿ ಮಾಡಿದ ತಪ್ಪು ಇಷ್ಟೇ. ಸಂಕ್ರಾಂತಿಯ ದಿನ ಅವನ ಹೆಂಡತಿ ನೀಲಾಂಬಿಕೆ ತವರಿನವರು ಕೊಟ್ಟ ಹೊಸ ಸೀರೆ ಉಟ್ಟು, ಎಳ್ಳು ಬೀರಲು ಹೊರಡುವ ಮುಂಚೆ ಅವನೆದುರು ನಿಂತು, "ಹೆಂಗೈತೆ ರೀ?" ಎಂದು ಕೇಳಿದಳು. ಗಂಡನಾದವನು ಅಂಥ ಹೊತ್ತಿನಲ್ಲಿ ಮುಖ ನೋಡಬೇಕು. ಷಡಕ್ಷರಿ ಸೆರಗು ನೋಡಿದ. ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ತಿಕ್ಕಿ, ಬೆಳಕಿಗೆ ಹಿಡಿದು, "ಎರಡು ಒಗೆತಕ್ಕೆ ಬಣ್ಣ ಬಿಡ್ತದೆ" ಎಂದ.

ಮಾರನೆಯ ದಿನದಿಂದ ನೀಲಾಂಬಿಕೆ ಅವನ ಜೊತೆ ಮಾತು ಬಿಟ್ಟಳು.

ಬೇರೆಯವರ ಜೊತೆ ಮಾತಾಡುತ್ತಿದ್ದಳು. ಹಾಲಿನವಳ ಜೊತೆ, ಪಕ್ಕದ ಮನೆಯವರ ಜೊತೆ, ಬಾಗಿಲಿಗೆ ಬಂದ ಹಸುವಿನ ಜೊತೆ ಕೂಡ. ಅವನೆದುರಿಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಮಧ್ಯಸ್ಥಿಕೆಗೂ ಯಾರೂ ಇರಲಿಲ್ಲ. ಷಡಕ್ಷರಿಯ ತಾಯಿ ಸುವರ್ಣಮ್ಮ ಮಗಳ ಬಾಣಂತನಕ್ಕೆಂದು ಅರಕಲಗೂಡಿಗೆ ಹೋಗಿ ಕೂತಿದ್ದರು.

ಕೋಪ ಅಂದರೆ ಏನೆಂದು ಷಡಕ್ಷರಿಗೆ ಗೊತ್ತಿಲ್ಲದ್ದಲ್ಲ. ತಾಯಿಗೆ ಕೋಪ ಬಂದರೆ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಆದರೆ ಈ ಕೋಪದ ರೀತಿಯೇ ಬೇರೆ. ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚಾಯಿತು, ಅನ್ನಕ್ಕೆ ತುಪ್ಪ ಹೆಚ್ಚಾಯಿತು, ಮಲಗುವ ಮುಂಚೆ ಕೆನೆ ಕಟ್ಟಿದ ಹಾಲು ತಾನಾಗಿಯೇ ಬರತೊಡಗಿತು. ಹೀಗೆ ಉಪಚಾರ ಮಾಡಿಕೊಂಡು ಕೋಪ ಸಾಧಿಸುವವರನ್ನು ಅವನು ಕಂಡಿರಲಿಲ್ಲ. ಹಬ್ಬದ ಹಿಂದಿನ ವಾರ ಕುರಿಗೆ ಒಳ್ಳೊಳ್ಳೆ ಸೊಪ್ಪು ಹಾಕುವುದು ನೆನಪಾಗಿ, ತುಪ್ಪದ ಮಿಳ್ಳೆ ಕಂಡರೆ ಅವನು ತಟ್ಟೆಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಶಿವರಾತ್ರಿಯ ಹಿಂದಿನ ದಿನ ಬೆಳಗ್ಗೆ ಅವನು ತಟ್ಟೆಯ ಮುಂದೆ ಕೂತು ಕೊನೆಯ ಪ್ರಯತ್ನ ಮಾಡಿದ.

"ನೀಲಾ, ನಾಳೆ ಹಬ್ಬ. ಹಬ್ಬದ ದಿನಾನಾದ್ರೂ ಒಂದು ಮಾತಾಡಬಾರದಾ?"

ನೀಲಾಂಬಿಕೆ ಅವನ ಮುಖ ನೋಡಿದಳು. ಅವಳ ಕಣ್ಣು ಒದ್ದೆಯಾಯಿತು. ತುಟಿ ಒಂದು ಸಲ ಅಲುಗಿ, ಮತ್ತೆ ಬಿಗಿಯಾಯಿತು. ಸರಸರನೆ ಒಳಗೆ ಹೋದವಳು ಮಿಳ್ಳೆ ಹಿಡಿದು ಬಂದು ಇನ್ನೊಂದು ಸುತ್ತು ತುಪ್ಪ ಹಾಕಿದಳು. ಷಡಕ್ಷರಿ ಅರ್ಧಕ್ಕೇ ಎದ್ದು ಕೈ ತೊಳೆದು, ಹಬ್ಬದ ಕ್ಷೌರಕ್ಕೆಂದು ಚಲುವಯ್ಯನ ಅಂಗಡಿಗೆ ನಡೆದ.

ಚಲುವಯ್ಯನ ಕ್ಷೌರದ ಅಂಗಡಿ ಮೋಟಾರು ನಿಲ್ಲುವ ಜಾಗದ ಎದುರಿಗಿತ್ತು. ಹಾಸನದ ಮೋಟಾರು ಹೇಳಿದ ಹೊತ್ತಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅವನ ಬೆಂಚು ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಚಲುವಯ್ಯನದು ಓಲಗದ ಮನೆತನ. ಮುಂದಿನ ಹಲ್ಲು ಬಿದ್ದ ಮೇಲೆ ಊದುವುದು ಬಿಟ್ಟು ಹಾಡಲು ಶುರು ಮಾಡಿದ್ದ. ತೆಳ್ಳನೆಯ, ಎತ್ತರದ ಶಾರೀರ. ಜಟಕಾ ಗಾಡಿಯ ತಿಮ್ಮಪ್ಪ ಸವಾರಿ ಸಿಗದ ಹೊತ್ತಿನಲ್ಲಿ ಬಂದು ಕೂತು, ಬಾವಿಯ ತಳದಿಂದ ಬಂದಂಥ ದನಿಯನ್ನು ಅದಕ್ಕೆ ಕೂಡಿಸುತ್ತಿದ್ದ. ಮೂರನೆಯವನು ಕೆಂಪಣ್ಣ. ನಾಟಕದ ಕಂಪನಿಯಲ್ಲಿ ದ್ವಾರಪಾಲಕನ ಪಾತ್ರ ಮಾಡುತ್ತಿದ್ದು, ಕಂಪನಿ ಮುಚ್ಚಿದ ಮೇಲೆ ಊರು ಸೇರಿದವನು. ಅವನು ಹಾಡಿದ್ದಕ್ಕಿಂತ ಕೈ ಬೀಸಿದ್ದೇ ಹೆಚ್ಚು. ನಾಲ್ಕನೆಯವರು ಪಿಂಚಣಿ ಪಡೆದ ಮೇಷ್ಟ್ರು ಪಂಚಾಕ್ಷರಯ್ಯ. ಪದ ಕಟ್ಟುವುದು, ಶ್ರುತಿ ಹಿಡಿಯುವುದು, ಉಳಿದ ಮೂವರ ಉಚ್ಚಾರಣೆ ತಿದ್ದುವುದು ಅವರ ಪಾಲಿನ ಕೆಲಸ.

ನಾಲ್ವರೂ ಒಂದೇ ಸಾಲನ್ನು ನಾಲ್ಕು ಎತ್ತರದಲ್ಲಿ ಹಿಡಿದು ಹಾಡಿದರೆ ಜೇನುಗೂಡಿನ ಕೆಳಗೆ ನಿಂತ ಹಾಗಾಗುತ್ತಿತ್ತು. ಇಂಪೂ ಹೌದು, ಸ್ವಲ್ಪ ಹೆದರಿಕೆಯೂ ಹೌದು. ಊರವರು ಅದಕ್ಕೆ ಕತ್ತರಿ ಮೇಳ ಎಂದು ಹೆಸರಿಟ್ಟಿದ್ದರು. ಮದುವೆಯ ಮನೆಯಲ್ಲಿ ಬೀಗರು ಮುನಿಸಿಕೊಂಡರೆ, ತೊಟ್ಟಿಲಿನ ಮಗುವಿಗೆ ಹೆಸರಿಡುವುದಿದ್ದರೆ ಜನ ಅವರನ್ನು ಬಾಗಿಲಿಗೆ ಕರೆಸಿ ಹಾಡಿಸುತ್ತಿದ್ದರು. ಕಾಫಿ, ಅವಲಕ್ಕಿ ಕೊಟ್ಟರೆ ಸಾಕಾಗಿತ್ತು.

"ಏನ್ ಸಾವ್ಕಾರ್ರೆ, ಕೆನ್ನೆ ಇಂಗೆ ತುಂಬ್ಕಂಡೈತೆ. ಕತ್ತಿ ನಿಲ್ತಾನೇ ಇಲ್ಲ, ಜಾರ್ತದೆ" ಎಂದ ಚಲುವಯ್ಯ, ಗಲ್ಲ ಎತ್ತಿ ಹಿಡಿದು.

"ತುಪ್ಪ ಕಣಯ್ಯ" ಎಂದು ಷಡಕ್ಷರಿ ನಿಟ್ಟುಸಿರು ಬಿಟ್ಟ.

"ತುಪ್ಪ ತಿಂದೋರು ಇಂಗೆ ಉಸ್ರು ಬಿಡಾಕಿಲ್ವಲ್ಲ."

ಕತ್ತಿನ ಮೇಲೆ ಕತ್ತಿ ಇದ್ದಾಗ ಮನುಷ್ಯ ನಿಜ ಹೇಳುತ್ತಾನೆ. ಷಡಕ್ಷರಿ ಮೆಲ್ಲಗೆ ಎಲ್ಲವನ್ನೂ ಹೇಳಿದ. ಚಲುವಯ್ಯನ ಕೈ ನಿಂತಿತು. ಬೆಂಚಿನ ಮೇಲಿದ್ದ ಮೂವರೂ ಹತ್ತಿರಕ್ಕೆ ಸರಿದರು.

"ಬಣ್ಣ ಬಿಡ್ತದೆ ಅಂದ್ರಾ?" ಎಂದ ತಿಮ್ಮಪ್ಪ. "ತವರ್ಮನೆ ಸೀರೇಗೆ? ಸಾ, ನನ್ ಕುದ್ರೇಗೆ ಯೆಂಗೆ ಮಾತಾಡ್ಬೇಕು ಅಂತ ನಂಗೊತ್ತು ಕಣೇಳಿ. ನಿಮ್ಗೆ ಅಷ್ಟೂ ಗೊತ್ತಾಗಾಕಿಲ್ವಲ್ಲ."

"ಇದಕ್ಕೆ ಒಂದೇ ಔಷಧಿ" ಎಂದು ಕೆಂಪಣ್ಣ ಎದ್ದು ನಿಂತ. "ನಾಟಕದಲ್ಲಿ ರಾಣಿ ಮುನಿಸ್ಕೊಂಡ್ರೆ ರಾಜ ಏನ್ಮಾಡ್ತಾನೆ? ಹಾಡ್ತಾನೆ."

"ನನಗೆ ಹಾಡಕ್ಕೆ ಬರಲ್ಲ."

"ಅದಕ್ಕೇ ಅಲ್ವಾ ನಾವಿರೋದು?"

ಷಡಕ್ಷರಿ ಬೇಡವೆನ್ನುವಷ್ಟರಲ್ಲಿ ಪಂಚಾಕ್ಷರಯ್ಯ ಕನ್ನಡಕ ಒರೆಸಿಕೊಂಡು ಆಕಾಶ ನೋಡತೊಡಗಿದ್ದರು. "ಒಂದು ಮಾತು. ಗೃಹಸ್ಥರ ಮನೆಯ ಹೆಣ್ಣುಮಗಳ ಹೆಸರನ್ನು ಬೀದಿಯಲ್ಲಿ ಕೂಗುವುದು ಸಭ್ಯತೆಯಲ್ಲ. ಹೆಸರಿಲ್ಲದೆ ಕಟ್ಟುತ್ತೇನೆ. ಕೇಳಿದಾಕೆಗೆ ಇದು ತನ್ನದೇ ಹಾಡು ಅಂತ ತಾನಾಗಿಯೇ ತಿಳಿಯುತ್ತದೆ."

ಮೇಷ್ಟರ ಈ ಮಾತು ಅಂದು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ನಿಜವಾಯಿತು. ಇನ್ನೊಂದು ಕೆನ್ನೆಯ ಕ್ಷೌರ ಮುಗಿಯುವುದರೊಳಗೆ ಪದ ಸಿದ್ಧವಾಗಿತ್ತು.

ಮಾತನಾಡೆ ಮನೆಯ ಬೆಳಕೆ, ಮೌನ ಸಾಕೆ ಸಾಕೆ
ನಿನ್ನ ನುಡಿಯ ಕೇಳದ ಕಿವಿಗೆ ಊರ ಸುದ್ದಿ ಯಾಕೆ
ಹೇಳಲಾರದವನ ಮಾತ ಹೊತ್ತು ನಾವು ಬಂದೆವು
ಒಂದು ನಗೆಯ ಬೇಡಿಕೊಂಡು ಬಾಗಿಲಲ್ಲಿ ನಿಂತೆವು

"ಕೊನೇಗೆ, ಕಾಪಿ ಕೊಟ್ರೆ ಕುಡಿದೇವು ಅಂತ ಒಂದ್ಸಾಲು ಸೇರ್ಸಿ ಮೇಷ್ಟ್ರೆ" ಎಂದ ತಿಮ್ಮಪ್ಪ. ಮೇಷ್ಟ್ರು ಕೇಳಿಸದವರಂತೆ ಇದ್ದರು.

"ನೀವು ಬರೋದು ಬೇಡ" ಎಂದು ಕೆಂಪಣ್ಣ ಷಡಕ್ಷರಿಗೆ ತಾಕೀತು ಮಾಡಿದ. "ಗಂಡ ಪಕ್ಕದಲ್ಲೇ ನಿಂತ್ರೆ ರಸ ಕೆಡ್ತದೆ. ಅಂಗಡೀಲಿ ಕೂತಿರಿ. ನಗು ಸಮೇತ ಬರ್ತೀವಿ."

ಷಡಕ್ಷರಿ ಅಂಗಡಿಯಲ್ಲಿ ಕೂತ. ಕೂತದ್ದು ದೇಹ ಮಾತ್ರ. ಬಾಗೂರಿನಿಂದ ಬಂದ ರೈತನೊಬ್ಬ ಪಂಚೆ ಕೇಳಿದರೆ ಕುಪ್ಪಸದ ಕಣ ತೆಗೆದು ಹರಡಿದ. "ಇದ ಉಟ್ಕಂಡು ನಾನು ಊರಿಗೆ ಎಂಗ್ ಓಗ್ಲಿ ಸಾವ್ಕಾರ?" ಎಂದು ಅವನು ಕೇಳಿದಾಗ, "ಬಣ್ಣ ಬಿಡಲ್ಲ, ಬಿಡಲ್ಲ" ಎಂದ. ರೈತ ಅವನನ್ನೊಮ್ಮೆ ನೋಡಿ, ಮುಂದಿನ ಅಂಗಡಿಗೆ ಹೋದ.

ಅಷ್ಟು ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಕರಿ ಕೊಡೆಯೊಂದು ಕಾಣಿಸಿತು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಕಮಲಾಕ್ಷಮ್ಮ. ತಲೆ ನರೆತಿದ್ದರೂ ಮದುವೆಯಾದವರಲ್ಲ. ಅವರು ಬೀದಿಯಲ್ಲಿ ಬಂದರೆ ಮೊಮ್ಮಕ್ಕಳಿದ್ದ ಗಂಡಸರೂ ಬೀಡಿ ಬಿಸಾಡುತ್ತಿದ್ದರು. ಕೊಡೆ ನೇರವಾಗಿ ಷಡಕ್ಷರಿಯ ಅಂಗಡಿಯ ಮುಂದೆ ಬಂದು ನಿಂತಿತು.

"ನಾಲ್ಕು ಜನರ ಕೈಲಿ ಹಾಡು ಕಳಿಸಿದ್ದು ನೀವೇನಾ?"

ಷಡಕ್ಷರಿ ಕೈಯಲ್ಲಿದ್ದ ಕಣ ಕೆಳಗಿಟ್ಟ. "ನಿಮ್ಮನೆಗೆ ಬಂದಿದ್ರಾ?"

"ನಿಮ್ಮ ಮನೆ ಬೀಗ ಹಾಕಿತ್ತಂತೆ. ನೀಲಾಂಬಿಕೆ ನನ್ನ ಹತ್ತಿರ ಹೆಣಿಗೆ ಕಲಿಯೋಕೆ ಬರ್ತಾಳಲ್ಲ, ಅಲ್ಲಿರ್ತಾಳೆ ಅಂತ ಯಾರೋ ಹೇಳಿದಾರೆ. ಅವಳು ಹಿತ್ತಲ ಬಾಗಿಲಿಂದ ಗುರುಸಿದ್ದಮ್ಮನವರ ಮನೆಗೆ ಹೊರಟುಹೋಗಿದ್ದಳು. ಮುಂದಿನ ಬಾಗಿಲು ತೆಗೆದರೆ ಇವರು. ನಾನು ಏನು ಅನ್ನೋದರೊಳಗೆ ಶುರು ಮಾಡಿಬಿಟ್ಟರು."

"ತಪ್ಪಾಯ್ತಮ್ಮ. ದಯವಿಟ್ಟು..."

ಕಮಲಾಕ್ಷಮ್ಮ ಕೊಡೆ ಮಡಿಚಿದರು. ಅದನ್ನು ಎತ್ತಿ ಹೊಡೆಯುತ್ತಾರೇನೋ ಎಂದು ಷಡಕ್ಷರಿ ಗಾದಿಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿದ. ಅವರು ಹೊಡೆಯಲಿಲ್ಲ.

"ಎರಡನೇ ಸಾಲಿಗೇ ಗೊತ್ತಾಯ್ತು, ಇದು ನನಗಲ್ಲ ಅಂತ. ನಿಲ್ಲಿಸಿ ಅನ್ನಬಹುದಿತ್ತು. ಅನ್ನಲಿಲ್ಲ, ಪೂರ್ತಿ ಕೇಳಿದೆ" ಎಂದರು. ದನಿ ಶಾಲೆಯ ದನಿಯಾಗಿರಲಿಲ್ಲ. "ನನ್ನ ಬಾಗಿಲಿಗೆ ದೂರು ಹಿಡಕೊಂಡು ಬರ್ತಾರೆ, ಅರ್ಜಿ ಹಿಡಕೊಂಡು ಬರ್ತಾರೆ. ಹಾಡು ಹಿಡಕೊಂಡು ಯಾರೂ ಬಂದಿರಲಿಲ್ಲ. ಅದನ್ನು ಹೇಳಿ ಹೋಗೋಣ ಅಂತ ಬಂದೆ."

ಷಡಕ್ಷರಿ ಎದ್ದು ನಿಂತು ಕೈ ಮುಗಿದ. ಕಮಲಾಕ್ಷಮ್ಮ ಕೊಡೆ ಬಿಚ್ಚಿದರು. ಶಾಲೆಯ ದನಿಯೂ ಮರಳಿ ಬಂತು.

"ಮೂರನೇ ಸಾಲು ಎಳೆದಾಡುತ್ತೆ, ಮೇಷ್ಟರಿಗೆ ಹೇಳಿ. ಮತ್ತೆ ಅವರೀಗ ಗುರುಸಿದ್ದಮ್ಮನವರ ಮನೆ ಕಡೆ ಹೋದರು. ನೀವು ಓಡಿದರೆ ಒಳ್ಳೇದು."

ಷಡಕ್ಷರಿ ಅಂಗಡಿಯ ಹಲಗೆಗಳನ್ನು ಅರ್ಧಂಬರ್ಧ ಸೇರಿಸಿ, ಚಪ್ಪಲಿ ಮರೆತು, ಓಡಿದ.

ಗುರುಸಿದ್ದಮ್ಮ ಅವನ ಮನೆಯ ಬೀದಿಯಲ್ಲೇ, ಒಂದೆರಡು ಮನೆ ಆಚೆ ಇದ್ದವರು. ಅವರು ಮಾತಿಗೆ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಕೆನೆ ಕಟ್ಟುತ್ತಿತ್ತು. ಅವರ ಗಂಡ ಚನ್ನಬಸವಯ್ಯ ಮದುವೆಯಾದಾಗಿನಿಂದ ಆಕೆಗೆ ಹೇಳಿಕೊಂಡು ಬಂದದ್ದು ಒಂದೇ ಮಾತು: ಸಾಕು, ಬಾಯ್ಮುಚ್ಚೆ. ಅಂಥಾ ಗುರುಸಿದ್ದಮ್ಮನ ಬಾಗಿಲಲ್ಲಿ ನಿಂತು ಕತ್ತರಿ ಮೇಳ, ಮಾತನಾಡೆ ಮನೆಯ ಬೆಳಕೆ ಎಂದು ಎರಡನೆಯ ಸಲ ಹಾಡುತ್ತಿತ್ತು. ಮೊದಲನೆಯ ಸಲ ಮುಗಿದ ಮೇಲೆ ಆಕೆಯೇ ಇನ್ನೊಮ್ಮೆ ಎಂದು ಕೇಳಿದ್ದರು.

ಷಡಕ್ಷರಿ ಏದುಸಿರು ಬಿಡುತ್ತ ಬಂದಾಗ ಗುರುಸಿದ್ದಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈ ತುಂಬ ತಂಬಿಟ್ಟಿನ ಹಿಟ್ಟು, ಕಣ್ಣು ತುಂಬ ನೀರು. ಕಣ್ಣೊರೆಸಿಕೊಳ್ಳಲು ಹೋಗಿ ಮುಖವೆಲ್ಲ ಹಿಟ್ಟಾಗಿತ್ತು.

"ಕೇಳಿದ್ರಾ?" ಎಂದರು ಜಗಲಿಯ ಮೇಲೆ ಒರಗಿದ್ದ ಗಂಡನಿಗೆ. "ಮಾತನಾಡೆ ಅಂತೆ. ಇಷ್ಟು ವರ್ಷ ಬಾಯ್ಮುಚ್ಚು ಅಂದ್ಕೊಂಡು ಬಂದೋರು, ಎದುರಿಗೆ ಹೇಳಕ್ಕೆ ನಾಚ್ಕೊಂಡು ಮೇಳದೋರ ಕೈಲಿ ಹೇಳ್ಸವ್ರೆ. ಹೇಳಲಾರದವನು ಅಂದ್ರೆ ಇನ್ಯಾರು? ನೀವೇ ತಾನೆ?"

ಚನ್ನಬಸವಯ್ಯ ಎದ್ದು ಕೂತ. ಹಾಡಿದವರನ್ನು ನೋಡಿದ. ಷಡಕ್ಷರಿಯ ಬಿಳಿಚಿಕೊಂಡ ಮುಖ ನೋಡಿದ. ಅವನಿಗೆ ಅರ್ಥವಾಗದೆ ಇರಲಿಲ್ಲ. ಆಮೇಲೆ ಹೆಂಡತಿಯನ್ನು ನೋಡಿದ. ಆ ಮುಖ ಹಾಗೆ ಅರಳಿದ್ದನ್ನು ಅವನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಅದೂ ಹಿಟ್ಟು ಬಳಿದುಕೊಂಡು.

"ಹೂಂ" ಎಂದ. "ನಾನೇ ಹೇಳ್ಕಳಿಸಿದ್ದು."

ಷಡಕ್ಷರಿ ಬಾಯಿ ತೆರೆದ. ಚನ್ನಬಸವಯ್ಯ ಅವನ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಕಿವಿಯಲ್ಲಿ, "ಲೇ ಷಡಕ್ಷರಿ, ನಿನ್ನ ದಮ್ಮಯ್ಯ ಅಂತೀನಿ, ಸುಮ್ನಿರು" ಎಂದ.

ಎಲ್ಲರಿಗೂ ಕಾಫಿ ಬಂತು. ಗಂಡನೇ ಮಾತಾಡು ಎಂದ ಮೇಲೆ ಗುರುಸಿದ್ದಮ್ಮ ಮದುವೆಯ ಚಪ್ಪರದ ದಿನದಿಂದ ಶುರು ಮಾಡಿದರು. ಚನ್ನಬಸವಯ್ಯ ಹೂಂಗುಟ್ಟುತ್ತ ಕೂತ. ಇನ್ನು ತನ್ನ ಆಯುಷ್ಯವೆಲ್ಲ ಹೂಂಗುಟ್ಟುವುದರಲ್ಲೇ ಕಳೆಯಬೇಕೆಂದು ಅವನಿಗೆ ಗೊತ್ತಾಗಿತ್ತು. ಆದರೂ ಅವನ ಮೀಸೆಯ ಕೆಳಗೆ ಒಂದು ನಗು ಇತ್ತು.

ನೀಲಾಂಬಿಕೆ? ಅವಳು ತಂಬಿಟ್ಟಿಗೆ ಬೆಲ್ಲ ಕುಟ್ಟಿಕೊಟ್ಟು, ಮನೆಯಿಂದ ಬಿಂದಿಗೆ ತೆಗೆದುಕೊಂಡು ನೀರಿಗೆ ಹೋಗುತ್ತೇನೆಂದು ಹೇಳಿ ಆಗಲೇ ಹೊಳೆಗೆ ಹೋಗಿಯಾಗಿತ್ತು.

ಬೀದಿಗೆ ಬಂದ ಮೇಲೆ ಷಡಕ್ಷರಿ ತಲೆಯ ಮೇಲೆ ಕೈ ಹೊತ್ತ. "ನಾಳೆ ಹೊತ್ತಿಗೆ ಇದು ಚನ್ನಬಸವಯ್ಯನ ಹಾಡು ಅಂತ ಊರಿಗೆಲ್ಲ ಗೊತ್ತಾಗ್ತದೆ. ಅದನ್ನೇ ನಮ್ಮನೇಲಿ ಹಾಡಿದ್ರೆ, ಯಾರದೋ ಎಂಜಲು ತಂದ್ರು ಅನ್ಕೊಳ್ಳಲ್ವಾ ಅವಳು?"

"ಹೊಸ ಪದಕ್ಕೆ ನನಗೆ ಸಮಾಧಾನದ ವೇಳೆ ಬೇಕು" ಎಂದರು ಪಂಚಾಕ್ಷರಯ್ಯ, ಮೂರನೇ ಸಾಲಿನ ವಿಷಯ ಕೇಳಿ ಮನಸ್ಸು ಸ್ವಲ್ಪ ನೊಂದಿದ್ದವರು.

ಚಲುವಯ್ಯ ಮೆಲ್ಲಗೆ ಹೇಳಿದ: "ಅದನ್ನೇ ಆಡಾಣ ಸಾವ್ಕಾರ್ರೆ. ಕೊನೇಗೆ ಒಂದೇ ಒಂದು ಮಾತು ನೀವು ಸೇರ್ಸಿ. ನಿಮ್ ಬಾಯಿಂದ. ಅದು ಮಾತ್ರ ಯಾರ ಎಂಜಲೂ ಆಗಾಕಿಲ್ಲ."

ಅವರು ಷಡಕ್ಷರಿಯ ಮನೆಯ ಮುಂದೆ ನಿಲ್ಲುವ ಹೊತ್ತಿಗೆ ನೀಲಾಂಬಿಕೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದಳು. ಹಿಂದೆ ಹೊಳೆಯಿಂದ ಬಂದ ಹೆಂಗಸರು, ಎದುರು ಜಗಲಿಗಳ ಮೇಲೆ ಹಬ್ಬಕ್ಕೆ ಪಾತ್ರೆ ಬೆಳಗುತ್ತಿದ್ದ ಹೆಂಗಸರು. ಪಂಚಾಕ್ಷರಯ್ಯ ಶ್ರುತಿ ಹಿಡಿದರು. ತಿಮ್ಮಪ್ಪ ಕೆಳಗಿನಿಂದ ಎತ್ತಿದ, ಚಲುವಯ್ಯ ಮೇಲಿನಿಂದ ಇಳಿದ, ಕೆಂಪಣ್ಣನ ಕೈ ಅಭ್ಯಾಸಬಲದಿಂದ ಇಲ್ಲದ ರಾಜಸಭೆಯ ಕಡೆ ತೋರಿಸಿತು. ನೀಲಾಂಬಿಕೆ ನಿಂತಲ್ಲೇ ನಿಂತಳು. ಬಿಂದಿಗೆಯ ನೀರು ತುಳುಕಿ ಸೀರೆ ನೆನೆಯುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ.

ಜಗಲಿಯ ಹೆಂಗಸರು ಬೇಡ ಬೇಡ ಎಂಬಂತೆ ಕೈ ಬೀಸಿದರು. ಮೇಳದವರು ಅದನ್ನು ಮೆಚ್ಚುಗೆ ಎಂದು ತಿಳಿದು ದನಿ ಏರಿಸಿದರು.

ಹಾಡು ಮುಗಿಯಿತು. ಕೆಂಪಣ್ಣ ಷಡಕ್ಷರಿಯನ್ನು ಬೆನ್ನು ಹಿಡಿದು ಮುಂದಕ್ಕೆ ನೂಕಿದ. ಷಡಕ್ಷರಿ ಗಂಟಲು ಸರಿ ಮಾಡಿಕೊಂಡ. ಹಾಡಬೇಕೆಂದೇ ಹೊರಟಿದ್ದ, ಆದರೆ ಹೊರಟದ್ದು ಗಾಣದ ಸದ್ದಿನಂಥದು, ಅದರಲ್ಲಿ ರಾಗ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ.

"ಆ ಸೀರೇಲಿ ನೀನು ಚೆನ್ನಾಗಿ ಕಾಣ್ತಿದ್ದೆ... ನಾನು ಬಟ್ಟೆ ನೋಡಿದೆ ಕಣೇ... ನಿನ್ನ ನೋಡ್ಬೇಕಾಗಿತ್ತು..."

ನೀಲಾಂಬಿಕೆಯ ಮುಖ ಮೊದಲು ಕೆಂಪಾಯಿತು. ಅವಳು ತುಟಿ ಕಚ್ಚಿದಳು, ಕತ್ತು ತಿರುಗಿಸಿದಳು, ಬಿಂದಿಗೆಯ ಕಂಠ ಬಿಗಿಯಾಗಿ ಹಿಡಿದಳು. ಏನು ಮಾಡಿದರೂ ತಡೆಯಲಾಗದೆ ನಗು ಒಡೆದುಬಿಟ್ಟಿತು.

"ಯಾವ ಸೀರೇರೀ?" ಎಂದಳು.

ಕತ್ತರಿ ಮೇಳ ಜಯಕಾರ ಹಾಕಿತು. ತಿಮ್ಮಪ್ಪ ರುಮಾಲು ಮೇಲಕ್ಕೆ ಎಸೆದ. ಷಡಕ್ಷರಿ ಹಲ್ಲು ಬಿಟ್ಟುಕೊಂಡು ನಿಂತ. ಆದರೆ ನೀಲಾಂಬಿಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು, ಅವಳ ಕಣ್ಣು ಅಗಲವಾಗಿತ್ತು. ಜಗಲಿಯ ಹೆಂಗಸರೆಲ್ಲ ಒಟ್ಟಿಗೆ "ಅಯ್ಯೋ" ಎಂದಿದ್ದರು.

ಅಷ್ಟರಲ್ಲಿ ಗುರುಸಿದ್ದಮ್ಮ, ಹಿಟ್ಟಿನ ಮುಖದಲ್ಲೇ, ಗುಂಪನ್ನು ಸೀಳಿಕೊಂಡು ಬಂದರು.

"ಮಾತಾಡ್ಬುಟ್ಯೇನೇ ನೀಲಾ? ಇನ್ನೊಂದು ದಿನ ತಡ್ಕೊಳ್ಳಕ್ಕಾಗ್ಲಿಲ್ವಾ? ನಾಳೆ ಪೂಜೆ ಆಗಿದ್ರೆ ಹರಕೆ ಮುಗ್ದೇಹೋಗ್ತಿತ್ತಲ್ಲೇ."

"ಯಾವ ಹರಕೆ?" ಎಂದ ಷಡಕ್ಷರಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನೀಲಾಂಬಿಕೆಯೇ, ಹೇಗೂ ಕೆಟ್ಟದ್ದು ಕೆಟ್ಟಿತು ಎಂಬಂತೆ, ಬಿಂದಿಗೆಯನ್ನು ಹೊಸ್ತಿಲ ಪಕ್ಕ ಇಟ್ಟು ಹೇಳಿದಳು.

"ದೀಪಾವಳಿ ಹೊತ್ತಲ್ಲಿ ಚಳಿಜ್ವರ ಬಂದು ನೀವು ಕಣ್ಣೇ ಬಿಡ್ಲಿಲ್ವಲ್ಲ, ಆಗ ಹೊತ್ಕೊಂಡೆ. ಇವರು ಎದ್ದು ಕೂತ್ರೆ, ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿವರೆಗೆ ನನಗೆ ಬಲು ಇಷ್ಟವಾದ್ದನ್ನ ಬಿಡ್ತೀನಿ ಶಿವನೇ ಅಂತ. ಕೆಲವರು ಬದನೆಕಾಯಿ ಬಿಡ್ತಾರೆ, ಕೆಲವರು ಸಿಹಿ ಬಿಡ್ತಾರೆ. ನನಗೆ ಅದೇನೂ ಕಷ್ಟ ಇಲ್ಲ." ಅವಳು ನೆಲ ನೋಡಿದಳು. "ನಿಮ್ಮ ಜೊತೆ ಮಾತಾಡ್ದೆ ಇರೋದೊಂದೇ ಕಷ್ಟ. ಅದಕ್ಕೇ ಅದನ್ನೇ ಬಿಟ್ಟೆ."

ತಿಮ್ಮಪ್ಪ ಕೆಳಗೆ ಬಿದ್ದಿದ್ದ ರುಮಾಲು ಎತ್ತಿ ಅದರಲ್ಲೇ ಮೂಗು ಒರೆಸಿಕೊಂಡ. ಷಡಕ್ಷರಿ ಹೆಂಡತಿಯ ಹತ್ತಿರಕ್ಕೆ ಒಂದು ಹೆಜ್ಜೆ ಬಂದ.

"ನನಗೊಂದು ಮಾತು ಹೇಳಬಾರದಾಗಿತ್ತಾ?"

"ಯಾರಿಗೋಸ್ಕರ ಹೊತ್ತಿದ್ದೋ ಅವರಿಗೆ ಹೇಳಿದ್ರೆ ಫಲ ಇಲ್ಲ ಕಣಪ್ಪ" ಎಂದರು ಗುರುಸಿದ್ದಮ್ಮ. "ನಾನೂ ಗುಟ್ಟು ಕಾಪಾಡಿದೀನಿ. ಹೆಂಗಸ್ರಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ."

"ಸರಿ, ಈಗ?"

"ಈಗೇನು? ಮೊದಲಿಂದ. ಯುಗಾದಿವರೆಗೆ."

ಷಡಕ್ಷರಿ ಗುರುಸಿದ್ದಮ್ಮನ ಮುಂದೆ ಕೈ ಜೋಡಿಸಿದ. "ನಾಳೆಯಿಂದ ಶುರು ಮಾಡಿದ್ರಾಗಲ್ವಾ ದೊಡ್ಡಮ್ಮ? ಇವತ್ತು ಒಂದು ಹೊತ್ತು..."

"ಹರಕೆ ಕೆಟ್ಟ ಗಳಿಗೆಯಿಂದ್ಲೇ ಶುರು. ದೇವರ ಹತ್ರ ಚೌಕಾಸಿ ಮಾಡ್ತೀಯಾ? ಅದೇನು ನಿನ್ನ ಜವಳಿ ಅಂಗಡಿಯಾ?"

"ರೀ," ಎಂದಳು ನೀಲಾಂಬಿಕೆ ಅವಸರವಾಗಿ, "ನಾಳೆ ಪೂಜೆ ಆದ್ಮೇಲೆ ನಿಮಗೊಂದು ಮಾತು ಹೇಳ್ಬೇಕು ಅಂತ..."

"ನೀಲಾ" ಎಂದು ಗುರುಸಿದ್ದಮ್ಮ ಗದರಿದರು.

ಮಾತು ಅಲ್ಲಿಗೇ ತುಂಡಾಯಿತು. ನೀಲಾಂಬಿಕೆ ಗಂಡನನ್ನೊಮ್ಮೆ ನೋಡಿ, ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಷಡಕ್ಷರಿ ಅಂಗಡಿಗೆ ಮರಳಿ ಕೂತ. ಹೆಂಡತಿ ಮುನಿದಿಲ್ಲವೆಂಬ ಸಂತೋಷ ಒಂದು ಕಡೆ, ಯುಗಾದಿಯವರೆಗಿನ ಮೌನ ಒಂದು ಕಡೆ, ನಡುವೆ ಆ ಅರ್ಧ ಮಾತು. ಹಬ್ಬದ ಗಿರಾಕಿಗಳು ತುಂಬಿದ್ದರು. ಹಳೇಕೋಟೆಯಿಂದ ಬಂದ ಲಕ್ಕಮ್ಮ ಎಂಬ ಮುದುಕಿ ಸೊಸೆಯರ ದಂಡು ಕಟ್ಟಿಕೊಂಡು ಬಂದು ರವಿಕೆಯ ಬಟ್ಟೆ ಆರಿಸುತ್ತಿದ್ದಳು. ಹೊತ್ತು ಇಳಿಯತೊಡಗಿತ್ತು.

ಆಗ ಕತ್ತರಿ ಮೇಳ ಅಂಗಡಿಯ ಮುಂದೆ ಬಂದು ಸಾಲಾಗಿ ನಿಂತಿತು.

"ಏನ್ರಯ್ಯ ಮತ್ತೆ?" ಎಂದ ಷಡಕ್ಷರಿ ಗಾಬರಿಯಾಗಿ.

"ಅಮ್ಮಾವ್ರು ನಮ್ಗೆ ಯೋಳ್ಕಳ್ಸವ್ರೆ" ಎಂದ ತಿಮ್ಮಪ್ಪ. "ಅವ್ರು ನಿಮ್ಕುಟ್ಟೆ ಮಾತಾಡಂಗಿಲ್ಲ. ಆದ್ರೆ ನಾವು ಆಡ್ಬೋದಂತೆ. ಗುರುಸಿದ್ದಮ್ಮೋರೂ ಒಪ್ಕಂಡ್ರು."

ಷಡಕ್ಷರಿ ಬೇಡವೆಂದು ಕೈ ಎತ್ತುವ ಮುಂಚೆ ಪಂಚಾಕ್ಷರಯ್ಯ ಶ್ರುತಿ ಹಿಡಿದಾಗಿತ್ತು.

ಅಂಗಡಿ ಮುಚ್ಚಿ ಬರುವ ದಾರಿಯಲಿ ತೋಪಿಗೆ ಹೋಗಿ ಬನ್ನಿ
ಹಣ್ಣೂ ಆಗದ ಕಾಯೂ ಅಲ್ಲದ ಹುಣಸೆಯ ಹುಡುಕಿ ತನ್ನಿ

ನಾಲ್ಕು ದನಿಗಳ ಹಾಡು ಪೇಟೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಅಂಗಡಿಗಳವರು ಹೊರಗೆ ಬಂದರು. ಲಕ್ಕಮ್ಮನ ಸೊಸೆಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಹುಣಸೇನಾ?" ಎಂದ ಷಡಕ್ಷರಿ. "ಮನೇಲಿ ಹುಣಸೆಹಣ್ಣು ಮಡಕೆ ತುಂಬ ಇದೆಯಲ್ಲ."

"ಅಣ್ಣು ಬ್ಯಾಡ್ವಂತೆ ಸಾ. ದೋರೆನೇ ಬೇಕಂತೆ. ಉಪ್ಪು ಅಚ್ಕಂಡು ತಿನ್ನಾಕೆ."

ಲಕ್ಕಮ್ಮ ರವಿಕೆಯ ಬಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. "ಎಷ್ಟು ತಿಂಗ್ಳಪ್ಪ ಸಾವ್ಕಾರ?"

"ಒಂದು ತಿಂಗಳು ಅಜ್ಜಿ" ಎಂದ ಷಡಕ್ಷರಿ ಸಂಕಟದಿಂದ. "ಯುಗಾದಿಗೆ ಮುಗೀತದೆ."

ಸೊಸೆಯರು ಬಿದ್ದು ಬಿದ್ದು ನಕ್ಕರು. ಲಕ್ಕಮ್ಮ ನಗಲಿಲ್ಲ. ಕಪಾಟಿನಲ್ಲಿದ್ದ ಮೆತ್ತನೆಯ ಮಲ್ಲಿನ ಬಟ್ಟೆ ತೋರಿಸಿ, "ಅದ ಒಂದೀಟು ಎತ್ತಿಡಪ್ಪ. ಮಾರ್ಬ್ಯಾಡ. ಎಳೇ ಮೈಗೆ ಗಂಜಿ ಆಕಿದ ಬಟ್ಟೆ ಒತ್ತದೆ. ಮನೇಗೇ ಬೇಕಾಯ್ತದೆ" ಎಂದಳು.

ಷಡಕ್ಷರಿ ಮಲ್ಲಿನ ಬಟ್ಟೆಯ ಕಡೆ ತಿರುಗಿದ. ಅಭ್ಯಾಸದಂತೆ ಅದರ ಅಂಚನ್ನು ಬೆರಳುಗಳ ನಡುವೆ ಹಿಡಿದ. ಹಾಗೇ ನಿಂತ. ಎಷ್ಟು ಹೊತ್ತಾದರೂ ಅವನ ಬೆರಳು ಅಲುಗಲಿಲ್ಲ. ಇಡೀ ಪೇಟೆ ಅವನ ಮುಖದ ಮೇಲೆ ಆ ಸುದ್ದಿ ನಿಧಾನವಾಗಿ ಬೆಳಗಾಗುವುದನ್ನು ನೋಡಿತು.

"ನಿಜವಾ?" ಎಂದು ಅವನು ಯಾರನ್ನೋ ಕೇಳಿದ. ಉತ್ತರ ಕೊಡಬಲ್ಲವಳು ಒಬ್ಬಳೇ. ಅವಳು ಯುಗಾದಿಯವರೆಗೆ ಅವನಿಗೆ ಹೇಳುವ ಹಾಗಿರಲಿಲ್ಲ. "ಮೇಷ್ಟ್ರೆ, ಹೋಗಿ ಕೇಳ್ಕೊಂಡು ಬನ್ನಿ. ನಿಜವಾ ಅಂತ ಕೇಳ್ಕೊಂಡು ಬನ್ನಿ. ನಾನು ಹುಣಸೆ ತರ್ತೀನಿ."

ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ಅವನು ತೋಪಿನ ಕಡೆ ಓಡಿದ. ಕತ್ತರಿ ಮೇಳ ಅವನ ಮನೆಯ ಕಡೆ ನಡೆಯಿತು. ಅವರ ಹಿಂದೆ ಲಕ್ಕಮ್ಮ, ಅವಳ ಹಿಂದೆ ಸೊಸೆಯರು, ಅವರ ಹಿಂದೆ ಇಡೀ ಪೇಟೆ.

ತೋಪಿನ ಹುಣಸೆಮರದ ಕೆಳಗಿನ ಕೊಂಬೆಗಳನ್ನೆಲ್ಲ ಹುಡುಗರು ಆಗಲೇ ಬರಿದು ಮಾಡಿದ್ದರು. ಹುಟ್ಟಿದಾಗಿನಿಂದ ಗಾದಿಗಿಂತ ಎತ್ತರದ ಜಾಗ ಹತ್ತಿದವನಲ್ಲ ಷಡಕ್ಷರಿ. ಪಂಚೆ ಕಟ್ಟಿಕೊಂಡು ಹತ್ತಿಯೇ ಹತ್ತಿದ. ದೋರೆಗಾಯಿ ಕಂಡಂತೆಲ್ಲ ಇನ್ನೊಂದು ಕೊಂಬೆ, ಇನ್ನೊಂದು ಕೊಂಬೆ. ಮಡಿಲು ತುಂಬಿದ ಮೇಲೆ ಒಂದು ಕವಲಿನಲ್ಲಿ ಕೂತು ಕಿವಿಗೊಟ್ಟ.

ದೂರದಿಂದ ನಾಲ್ಕು ದನಿಗಳು ತೇಲಿ ಬಂದವು. ಹಾಡು ನಿಂತಿತು. ಆಮೇಲೆ ಒಂದು ಬೀದಿಗೆ ಬೀದಿಯೇ ನಗುವ ಸದ್ದು, ಎಲ್ಲಕ್ಕಿಂತ ಮೇಲೆ ಗುರುಸಿದ್ದಮ್ಮನ ಗಂಟಲು. ಏನು ಹೇಳಿದರೆಂದು ಅಲ್ಲಿಂದ ಕೇಳಿಸುವಂತಿರಲಿಲ್ಲ. ಉತ್ತರ ಊರಿಗೆಲ್ಲ ತಿಳಿದಾಗಿತ್ತು, ತಂದೆಯೊಬ್ಬನನ್ನು ಬಿಟ್ಟು.

ಷಡಕ್ಷರಿ ಅವಸರವಾಗಿ ಇಳಿಯಲು ಹೊರಟು ಕೆಳಗೆ ನೋಡಿದ. ನೆಲ ಬಹಳ ದೂರವಿತ್ತು. ಒಂದು ಕೈಯಲ್ಲಿ ಹುಣಸೆ ತುಂಬಿದ ಮಡಿಲನ್ನೂ ಇನ್ನೊಂದು ಕೈಯಲ್ಲಿ ಮರವನ್ನೂ ಅಪ್ಪಿಕೊಂಡು, ಇಳಿಸಲು ಯಾರನ್ನಾದರೂ ಕೂಗೋಣವೆಂದರೆ, ಊರಿನವರೆಲ್ಲ ಅವನ ಮನೆಯ ಮುಂದಿದ್ದರು.